ಪರದೇಶದಲ್ಲಿ ನನ್ನ ಕಥೆಗೆ ಬಂದ ಬೆಲೆ

ಮೈಸೂರು

ನಮ್ಮ ಬೀದಿಯಲ್ಲಿ ಪರದೇಶಕ್ಕೆ ಹೋಗಿ ಬಂದವರು ಇಬ್ಬರೇ. ಒಬ್ಬರು ಲಂಡನ್ನಿಗೆ ಹೋಗಿ ಬ್ಯಾರಿಸ್ಟರಾಗಿ ಬಂದರು. ಇನ್ನೊಬ್ಬ ನಾನು. ನಾನು ರಾಯದುರ್ಗಕ್ಕೆ ಹೋಗಿ ಬಂದೆ.

ರಾಯದುರ್ಗ ಎಲ್ಲಿಯ ಪರದೇಶ ಎಂದು ನಗುವವರು ಸ್ವಲ್ಪ ತಾಳಬೇಕು. ನಾವು ಮಹಾರಾಜರ ಪ್ರಜೆಗಳು. ರಾಯದುರ್ಗ, ಮಡಕಶಿರಾ ಎರಡೂ ಅನಂತಪುರ ಜಿಲ್ಲೆಯವು, ಅಂದರೆ ಮದ್ರಾಸ್ ಪ್ರೆಸಿಡೆನ್ಸಿಯವು. ಅಲ್ಲಿ ಆಳುವವರು ಇಂಗ್ಲಿಷರು, ಕಚೇರಿಯಲ್ಲಿ ನಡೆಯುವುದು ತೆಲುಗು. ದೊರೆ ಬೇರೆ, ಪೊಲೀಸರ ರುಮಾಲು ಬೇರೆ. ಇಷ್ಟಾದರೂ ಪರದೇಶವಲ್ಲ ಎನ್ನುವವರಿಗಾಗಿ ನಡುವೆ ಒಂದು ಸಮುದ್ರ ತಂದು ಸುರಿಯಲು ನನ್ನಿಂದಾಗದು.

ರಾಯದುರ್ಗದ ಬಟ್ಟೆ ವ್ಯಾಪಾರಿ ಪಂಪಾಪತಿಯವರು ರೇಷ್ಮೆ ಕೊಳ್ಳಲು ಮೈಸೂರಿಗೆ ಬಂದವರು ನನ್ನನ್ನೂ ಗೊತ್ತುಮಾಡಿಕೊಂಡು ಹೋದರು. ಅವರ ಸೀಮೆಯ ಹುಡುಗರು ಶಾಲೆಯಲ್ಲಿ ತೆಲುಗು ಓದುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ, ಸಂತೆಯಲ್ಲಿ ಎರಡನ್ನೂ ಬೆರೆಸುತ್ತಾರೆ. ಬೇಸಿಗೆ ರಜೆಯಲ್ಲಿ ಅವರನ್ನು ಒಂದೆಡೆ ಕೂರಿಸಿ ಕನ್ನಡದಲ್ಲಿ ಕಥೆ ಬರೆಯುವುದನ್ನು ಕಲಿಸಬೇಕು ಎಂಬುದು ಅವರ ಆಸೆ. ಮೊದಲು ರಾಯದುರ್ಗದಲ್ಲಿ, ಆಮೇಲೆ ಮಡಕಶಿರಾ ಕಡೆ. ನಮ್ಮ ಮೈಸೂರಿನ ಪತ್ರಿಕೆಯೊಂದರ ಸಂಪಾದಕರು, "ಯುದ್ಧದಿಂದ ಕಾಗದವೇ ಸಿಗುತ್ತಿಲ್ಲ. ಆದರೂ ಅಲ್ಲಿಂದ ಒಂದು ಒಳ್ಳೆಯ ಕಥೆ ತನ್ನಿ, ಹಾಕೋಣ" ಎಂದರು.

ಕಲಿಸಲು ನನಗಿದ್ದ ಅರ್ಹತೆ ಹೈಸ್ಕೂಲಿನ ಕನ್ನಡ ಪಂಡಿತಿಕೆ ಮತ್ತು ಹಲವು ವರ್ಷಗಳಿಂದ ತಿದ್ದುತ್ತಿದ್ದ ಒಂದು ನೀಳ್ಗಥೆ. ಹೆಸರು 'ಹಿಮಶಿಖರದ ವಿರಹಿ'. ನಾನು ಹಿಮಾಲಯವನ್ನು ನೋಡಿಲ್ಲ. ಚಾಮುಂಡಿ ಬೆಟ್ಟವನ್ನು ನೋಡಿದ್ದೆ, ಉಳಿದದ್ದನ್ನು ಊಹಿಸಿಕೊಂಡಿದ್ದೆ. ಪರದೇಶದ ಊಟ ಒಗ್ಗುತ್ತದೋ ಇಲ್ಲವೋ ಎಂದು ನನ್ನ ಹೆಂಡತಿ ಒಂದು ಜಾಡಿ ಮಾವಿನ ಉಪ್ಪಿನಕಾಯಿ ಕಟ್ಟಿಕೊಟ್ಟಳು.

ರಾಯದುರ್ಗ

ಬಳ್ಳಾರಿಯಿಂದ ಬರುವ ರೈಲು ಹಳಿ ರಾಯದುರ್ಗಕ್ಕೆ ಬಂದು ನಿಂತುಬಿಡುತ್ತದೆ. ಎದುರಿಗೆ ಬರೀ ಬಂಡೆಗಳ ಬೆಟ್ಟ. ಮುಂದೆ ಹೋಗಿ ಆಗಬೇಕಾದ್ದೇನು ಎಂದು ಹಳಿಗೇ ಅನ್ನಿಸಿದ ಹಾಗಿದೆ. ನಾನು ಇಳಿದು ಪೆಟ್ಟಿಗೆ ತೆರೆದಾಗ ಉಪ್ಪಿನಕಾಯಿ ಜಾಡಿ ಒಡೆದು, ಎಣ್ಣೆಯೆಲ್ಲ 'ಹಿಮಶಿಖರದ ವಿರಹಿ'ಯ ಹಸ್ತಪ್ರತಿಯ ಅಂಚಿಗೆ ಇಳಿದಿತ್ತು. ಹಿಮಾಲಯಕ್ಕೆ ಮೊದಲ ಬಾರಿ ಖಾರ ತಗುಲಿತು.

"ಬರ್ರಿ ಮೇಷ್ಟ್ರ, ಬರ್ರಿ. ಯಾಕ, ಮುಖ ಇಷ್ಟು ಕೆಂಪಗಾಗೈತಿ?" ಎಂದು ಪಂಪಾಪತಿ ಪೆಟ್ಟಿಗೆ ಎತ್ತಿಕೊಂಡರು.

"ಬಿಸಿಲು ಹೆಚ್ಚು" ಎಂದೆ.

ಅವರು ಆಕಾಶ ನೋಡಿದರು. "ಇದು ಬಿಸಲಲ್ರಿ. ಬಿಸಲು ಮುಂದಿನ ವಾರ ಬರತೈತಿ."

ಶಿಬಿರ ನಡೆದದ್ದು ಶೇಂಗಾ ತುಂಬುವ ಗೋದಾಮಿನಲ್ಲಿ. ಬೇಸಿಗೆಯಾದ್ದರಿಂದ ಶೇಂಗಾ ಇರಲಿಲ್ಲ, ಅದರ ಹೊಟ್ಟು ಇತ್ತು. ಹುಡುಗರು ಮೀಸೆ ಮೂಡುತ್ತಿರುವ ವಯಸ್ಸಿನವರು, ಬಹುಪಾಲು ಅಂಗಡಿಯವರ ಮಕ್ಕಳು. ಮೈಸೂರಿನಲ್ಲಿ ನಾನು ಏನು ಹೇಳಿದರೂ ಹುಡುಗರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಇಲ್ಲಿಯವರು ಚೌಕಾಸಿ ಮಾಡಿದರು. ನೀಲಕಂಠ ಎಂಬವನು ಮೊದಲ ಪುಟದಲ್ಲೇ ಐದು ಜನರನ್ನು ಸಾಯಿಸಿದ್ದ. ಒಂದು ಪುಟಕ್ಕೆ ಒಂದು ಸಾವು ಸಾಕು ಎಂದೆ.

"ಒಂದಕ್ಕ ಗಿಟ್ಟಂಗಿಲ್ಲ ಸಾರ್. ನಾಕು ಮಾಡ್ರಿ."

"ಎರಡು."

"ಮೂರಕ್ಕ ಮುಗಿಸ್ರಿ ಸಾರ್. ಮಾವನ್ನೂ ಬಿಟ್ಟುಬಿಡ್ತೀನಿ."

ಹೀಗೆ ಆ ಕಥೆಯಲ್ಲಿ ಮಾವನೂ ಬದುಕಿಕೊಂಡ.

ಕಷ್ಟ ಬಂದದ್ದು ವಿಮರ್ಶೆಯಲ್ಲಿ. ಒಬ್ಬ ಓದಿದ್ದನ್ನು ಕೇಳಿ ಉಳಿದವರು ತಮಗನ್ನಿಸಿದ್ದನ್ನು ಹೇಳಬೇಕು ಎಂದೆ. ಎಲ್ಲರೂ ಎಲ್ಲದಕ್ಕೂ "ಛಲೋ ಐತ್ರಿ" ಎಂದರು. ಒಬ್ಬನ ಅಕ್ಕನನ್ನು ಇನ್ನೊಬ್ಬನ ಅಣ್ಣನಿಗೆ ಕೊಟ್ಟಿದೆ, ಇನ್ನೊಬ್ಬನ ಅಪ್ಪ ಮತ್ತೊಬ್ಬನ ಅಂಗಡಿಯ ಗಿರಾಕಿ. ಒಂದು ಕೆಟ್ಟ ಉಪಮೆಗಾಗಿ ಬೀಗತನ ಕೆಡಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ನಾನು ಸಿಟ್ಟಾದೆ. ಅವರು ನನ್ನ ಸಿಟ್ಟಿಗೂ "ಛಲೋ ಐತ್ರಿ" ಎಂದರು.

ಆಗ ಪಂಪಾಪತಿ ಹೆಗಲ ಮೇಲಿನ ಟವಲು ತೆಗೆದರು. "ಬಾಯಿಲೆ ಹೇಳಂದ್ರ ಯಾರು ಹೇಳ್ತಾರ್ರಿ? ಕೈಲೆ ಹೇಳ್ಸೋಣು."

ಆ ಕಡೆ ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಸೇರಿಸಿ ಬೆರಳು ಒತ್ತುತ್ತಾರೆ. ಸುತ್ತ ನಿಂತವರಿಗೆ ಎರಡು ಮುಖಗಳಷ್ಟೇ ಕಾಣುತ್ತವೆ, ಆ ಮುಖಗಳು ಏನನ್ನೂ ಹೇಳುವುದಿಲ್ಲ. ಪಂಪಾಪತಿ ಅದನ್ನೇ ಕಥೆಗೆ ತಂದರು. ಓದಿದವನು ಟವಲಿನ ಕೆಳಗೆ ಕೈ ಇಟ್ಟು ಕೂರಬೇಕು. ಕೇಳಿದವರು ಒಬ್ಬೊಬ್ಬರಾಗಿ ಬಂದು ಬೆರಳು ಒತ್ತಬೇಕು. ಒಂದು ಬೆರಳೆಂದರೆ ಒಲೆಗೆ ಹಾಕು, ಐದೆಂದರೆ ಅಚ್ಚಿಗೆ ಕಳಿಸು. ಬೆಲೆ ಓದಿದವನಿಗೆ ಮಾತ್ರ ಗೊತ್ತು. ಅವನು ಅದನ್ನು ಹೇಳಿದರೆ ಸುಳ್ಳು ಹೇಳುವ ಹಾಗಿಲ್ಲ. ಟವಲಿನ ವಿಷಯದಲ್ಲಿ ಸುಳ್ಳು ಹೇಳಿದವನಿಗೆ ಮುಂದೆ ಯಾವ ಸಂತೆಯಲ್ಲೂ ಕುರಿ ಸಿಗುವುದಿಲ್ಲ.

ಅಂದಿನಿಂದ ಶಿಬಿರಕ್ಕೆ ಜೀವ ಬಂತು. ಟವಲಿನಿಂದ ಕೈ ತೆಗೆದ ಹುಡುಗರು ಸುಮ್ಮನೆ ಮೂಲೆಗೆ ಹೋಗಿ ಕಥೆ ತಿದ್ದತೊಡಗಿದರು. ನೀಲಕಂಠನಂತೂ ಯಾರೂ ಕೇಳದೆ ಇನ್ನೊಬ್ಬನನ್ನು ಬದುಕಿಸಿದ. ಇಷ್ಟು ವರ್ಷ ಕೆಂಪು ಶಾಯಿಯಲ್ಲಿ ನಾನು ಮಾಡಲಾಗದ್ದನ್ನು ಒಂದು ಟವಲು ಮಾಡಿತು.

ಮಾದರಿಗೆಂದು ನಾನೂ 'ಹಿಮಶಿಖರದ ವಿರಹಿ' ಓದಿ ಕೈ ಇಟ್ಟೆ. ಎಲ್ಲರೂ ಐದೈದು ಬೆರಳು ಒತ್ತಿದರು. ಒಬ್ಬನಂತೂ ನಾನು ಅರ್ಧ ಓದಿದ್ದಾಗಲೇ ಬಂದು, ನನ್ನ ಕೈಯನ್ನು ಟವಲಿನ ಕೆಳಗೆ ಎಳೆದು ಐದು ಒತ್ತಿ ಊಟಕ್ಕೆ ಹೋದ. ಈ ಸೀಮೆಯವರಿಗೆ ಸಾಹಿತ್ಯದ ರುಚಿ ಬೇಗ ಸಿಕ್ಕಿತು ಎಂದುಕೊಂಡೆ.

ಕಣೇಕಲ್ಲು ಕೆರೆ

ಪ್ರಕೃತಿ ವರ್ಣನೆ ಕಲಿಸಲು ಹುಡುಗರನ್ನು ಎತ್ತಿನ ಗಾಡಿಗಳಲ್ಲಿ ಕಣೇಕಲ್ಲಿಗೆ ಕರೆದೊಯ್ದೆ. ದೊಡ್ಡ ಕೆರೆ. ಬೇಸಿಗೆಯಲ್ಲೂ ನಡುವೆ ನೀರಿತ್ತು, ನೀರಿನಲ್ಲಿ ಕೊಕ್ಕರೆಗಳಿದ್ದವು. ಏರಿಯ ಮೇಲೆ ಕೂತು ನೋಡಿ ಬರೆಯಿರಿ ಎಂದು ಹೇಳಿ ನಾನು ಮರದಡಿ ಮಲಗಿದೆ.

ಎದ್ದಾಗ ಎಲ್ಲರೂ ಸೇರಿ ಒಂದೇ ವರ್ಣನೆ ಬರೆದು ಇಟ್ಟಿದ್ದರು. ಬೇರೆ ಬೇರೆ ಬರೆಯಲು ಹೇಳಿರಲಿಲ್ಲವೇ ಎಂದು ಕೇಳಿದೆ.

"ಕೆರಿ ಒಂದ ಐತಲ್ರಿ ಸಾರ್" ಎಂದ ನೀಲಕಂಠ.

ಅದರಲ್ಲಿ ಕೊಕ್ಕರೆ ಇರಲಿಲ್ಲ. ತೂಬು ಎತ್ತುವವನು ಯಾರ ಗದ್ದೆಗೆ ಮೊದಲು ನೀರು ಬಿಡುತ್ತಾನೆ, ಅವನ ಮನೆಗೆ ಆ ವರ್ಷ ಯಾರು ಹೆಣ್ಣು ಕೊಟ್ಟರು ಎಂಬುದು ವಿವರವಾಗಿ ಇತ್ತು. ನಾನು ಕೊಕ್ಕರೆಗಾಗಿ ವಾದಿಸಿದೆ. ಕೊನೆಗೆ ಒಂದು ಕೊಕ್ಕರೆಗೆ ಒಪ್ಪಂದವಾಯಿತು.

ಪಾವಗಡ, ಅಂದರೆ ಸ್ವದೇಶ

ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗುವ ದಾರಿಯಲ್ಲಿ ಪಾವಗಡ ಸಿಗುತ್ತದೆ. ಪಾವಗಡ ನಮ್ಮ ಮೈಸೂರು ಸಂಸ್ಥಾನದ್ದು. ಪರದೇಶದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಸ್ವದೇಶವನ್ನು ದಾಟಬೇಕಾದ ಯೋಗ ಲಂಡನ್ನಿಗೆ ಹೋದ ಬ್ಯಾರಿಸ್ಟರಿಗೂ ಬಂದಿರಲಾರದು.

ಬಸ್ಸು ಯುದ್ಧಕಾಲದ ಇದ್ದಿಲು ಬಸ್ಸು. ಹಿಂದೆ ಒಂದು ಒಲೆ, ಮುಂದೆ ನಾನು, ಪಂಪಾಪತಿ ಮತ್ತು ಜೊತೆಗೆ ಹೊರಟ ರಾಯದುರ್ಗದ ಹುಡುಗರು. ಏರು ಬಂದಾಗ ಇದ್ದಿಲಿಗೆ ದಮ್ಮು ಸಾಲದೆ ನಿಲ್ಲುತ್ತಿತ್ತು. ಪ್ರೆಸಿಡೆನ್ಸಿಯ ನೆಲದಲ್ಲಿ ಹುಡುಗರು ಇಳಿದು ನೂಕಿದರು. ಗಡಿ ದಾಟಿದ ಮೇಲೆ ಒಬ್ಬರೂ ಅಲುಗಲಿಲ್ಲ.

"ನಿಮ್ಮ ಮಹಾರಾಜರ ಏರು ಐತ್ರಿ ಇದು" ಎಂದರು ಪಂಪಾಪತಿ, ಕಾಲು ಚಾಚಿ. "ನಾವು ಹೊರಗಿನವರು ಕೈ ಹಚ್ಚಬಾರದು."

ನಾನೂ ಕಂಡಕ್ಟರನೂ ನೂಕಿದೆವು. ಗಡಿಕಟ್ಟೆಯ ಕಾವಲುಗಾರ ನನ್ನ ಊರು ಕೇಳಿದ. ಮೈಸೂರು ಎಂದೆ. ಮೈಸೂರಿನಿಂದ ಪಾವಗಡಕ್ಕೆ ಬರಲು ರಾಯದುರ್ಗದ ಮೇಲೆ ಯಾಕೆ ಬಂದಿರಿ ಎಂದ. ಕಥೆ ಬರೆಯುವುದನ್ನು ಕಲಿಸಲು ಎಂದೆ. ಅವನು ನನ್ನ ಪೆಟ್ಟಿಗೆಯನ್ನು ತೆಗೆಸಿ ನೋಡಿ, ಮೂಸಿ, ಉಪ್ಪಿನಕಾಯಿ ವಾಸನೆಗೆ ಬಿಟ್ಟುಬಿಟ್ಟ.

ಹೇಮಾವತಿ

ಮಡಕಶಿರಾ ಪೇಟೆಯಲ್ಲೇ ಶಿಬಿರ ಮಾಡಬಹುದಿತ್ತು. ಆದರೆ ಅದೇ ತಾಲ್ಲೂಕಿನ ಹೇಮಾವತಿ ಎಂಬ ಹಳ್ಳಿಯ ಈರಣ್ಣ ಎಂಬವರು ತಮ್ಮ ಮನೆಯಂಗಳ ಕೊಟ್ಟು, ಎಲ್ಲರಿಗೂ ಊಟವನ್ನೂ ಹಾಕುತ್ತೇನೆ ಎಂದು ತಾವಾಗಿ ಹೇಳಿ ಕಳಿಸಿದ್ದರು. ಈರಣ್ಣ ಕುರಿ ದಲ್ಲಾಳಿ. ಅವರ ಮುಖ ಆ ಊರಿನ ಸಿದ್ದೇಶ್ವರ ಗುಡಿಯ ಕಂಬದ ಕಲ್ಲಿನದೇ ಇನ್ನೊಂದು ತುಂಡು. ಅವರಿಗೆ ಓದು ಬರಹ ಬಾರದು. ಇಂಥವರು ಸಾಹಿತ್ಯಕ್ಕೆ ಯಾಕೆ ರಾಗಿ ಖರ್ಚು ಮಾಡುತ್ತಾರೆ ಎಂದು ಪಂಪಾಪತಿಗೂ ತಿಳಿದಿರಲಿಲ್ಲ.

ಅಂಗಳ ಗುಡಿಯ ಹಿಂದೆಯೇ ಇತ್ತು. ನೊಳಂಬರ ಕಾಲದ ಒಂದು ಕಂಬ ಉರುಳಿ ಬಿದ್ದದ್ದು ಹುಡುಗರಿಗೆ ಬೆಂಚಾಯಿತು. ಮಡಕಶಿರಾ ಕಡೆಯ ಹುಡುಗರೂ ಬಂದು ಸೇರಿದರು. ಅವರಿಗೂ ನಾನು 'ಹಿಮಶಿಖರದ ವಿರಹಿ' ಓದಿದೆ. ಅವರೂ ಐದೈದು ಒತ್ತಿದರು. ನಾನು ಓದುವಷ್ಟು ಹೊತ್ತೂ ಅಡುಗೆಮನೆಯ ಕಿಂಡಿಯೊಳಗೆ ಯಾರೋ ರುಬ್ಬುತ್ತಿದ್ದುದು ನಿಂತಿತ್ತು.

ಊಟವಾದ ಮೇಲೆ ಈರಣ್ಣ ನನ್ನ ಪಕ್ಕ ಕೂತರು.

"ಸಾಮಿ, ಈ ಟವಲ್ ಕೆಳಗೆ ಕಥೆಗೆ ಬೆಲೆ ಹೇಳಾದು ದಿಟವಾ?"

ದಿಟ ಎಂದೆ.

"ನನ್ ಮಗಳು ಗಂಗಮ್ಮ ಅಂತ. ಮಡಕಶಿರಾ ಇಸ್ಕೂಲಿಗೆ ಹೋಯ್ತಿದ್ಲು. ದೊಡ್ಡೋಳಾದ್ಲು, ಬಿಡಿಸ್ದೊ. ಬರೆಯಾದು ಮಾತ್ರ ಬಿಡ್ಲಿಲ್ಲ. ಸ್ಲೇಟಿನ್ ಮ್ಯಾಲೆ ಬರೀತಾಳೆ, ಅಳಿಸ್ತಾಳೆ, ಬರೀತಾಳೆ. ನನ್ ತಮ್ಮ, ಇದೆಲ್ಲ ದಂಡ, ಸ್ಲೇಟು ಒಡ್ದಾಕು ಅಂತಾನೆ. ನಾನೇನ್ ಹೇಳ್ಲಿ? ಕುರಿ ಆದ್ರೆ ಹಲ್ಲು ನೋಡಿ ಹೇಳ್ತೀನಿ. ಕಥೆಗೆ ಎಲ್ಲಿ ನೋಡ್ಬೇಕು ಅಂತ ನಂಗೊತ್ತಿಲ್ಲ."

"ಅದಕ್ಕೇ ನಮ್ಮನ್ನು ಕರೆಸಿದಿರಾ?"

"ಬೆಲೆ ಐತಾ ಇಲ್ವಾ, ಅಷ್ಟು ಗೊತ್ತಾಗ್ಬೇಕು ಸಾಮಿ. ಐತೆ ಅಂದ್ರೆ ಬರ್ಕಳ್ಳಿ, ನನ್ ತಮ್ಮನ್ ಬಾಯಿ ನಾನ್ ಮುಚ್ಚಿಸ್ತೀನಿ. ಇಲ್ಲ ಅಂದ್ರೆ ಸ್ಲೇಟು ಅಟ್ಟಕ್ಕೆ. ಅವ್ಳೇ ಹೇಳವ್ಳೆ ಹಂಗಂತ."

ಅವರು ನನ್ನ ಶಿಫಾರಸು ಕೇಳಲಿಲ್ಲ. ಅದನ್ನು ಕೇಳಿದ್ದರೆ ನನಗೆ ಸುಲಭವಿತ್ತು. ಮೈಸೂರಿನಲ್ಲಿ ನಾವು ಹೆಣ್ಣುಮಕ್ಕಳ ಬರವಣಿಗೆಯನ್ನು ತಪ್ಪದೆ ಹೊಗಳುತ್ತೇವೆ, ಆಮೇಲೆ ಯಾರೂ ಅದನ್ನು ಓದುವುದಿಲ್ಲ. ಇಲ್ಲಿ ಅದಕ್ಕೆ ದಾರಿಯಿರಲಿಲ್ಲ.

ಪಂಪಾಪತಿ ತಲೆ ಕೆರೆದುಕೊಂಡರು. "ಹೆಣ್ಣುಮಗಳು ಟವಲಿನ ಕೆಳಗ ಗಂಡ್ಸರ ಕೈಗೆ ಕೈ ಹೆಂಗ್ ಕೊಡ್ತಾಳ್ರಿ?"

"ದಲ್ಲಾಳಿ ಯಾಕಿರಾದು?" ಎಂದರು ಈರಣ್ಣ. "ಸಂತೆಗೆ ಬರದೋರ್ ಮಾಲಿಗೆಲ್ಲ ಕೈ ಕೊಡೋನು ನಾನೇ ಅಲ್ವಾ?"

ಗುಡಿಯ ಹಿಂದೆ

ಗಂಗಮ್ಮನ ಹತ್ತಿರ ಇದ್ದದ್ದು ಒಂದೇ ಸ್ಲೇಟು. ಆದ್ದರಿಂದ ಅವಳ ಕಥೆ ಕಂತು ಕಂತಾಗಿ ಬಂತು. ಈರಣ್ಣ ಕಿಂಡಿಯಿಂದ ಸ್ಲೇಟು ತಂದು ಕೊಟ್ಟರು, ನಾನು ಗಟ್ಟಿಯಾಗಿ ಓದಿದೆ, ಅವರು ವಾಪಸು ಒಯ್ದರು. ಒಳಗೆ ಅದನ್ನು ಅಳಿಸಿ ಮುಂದಿನದನ್ನು ಬರೆಯುವವರೆಗೆ ನಾವು ಕಾಯಬೇಕು. ಬಳಪದ ಕಿರಕಿರ ಹೊರಗೆ ಕೇಳುತ್ತಿತ್ತು.

ಕಥೆಯಲ್ಲಿ ಒಬ್ಬ ದಲ್ಲಾಳಿ. ಹಗಲೆಲ್ಲ ಟವಲಿನ ಕೆಳಗೆ ಬೆರಳು ಒತ್ತಿ ಒತ್ತಿ ಅಭ್ಯಾಸವಾಗಿ, ಮಲಗಿದಾಗಲೂ ಹೆಂಡತಿಯ ಕೈ ಹಿಡಿದು ನಿದ್ದೆಯಲ್ಲೇ ಬೆರಳು ಒತ್ತುತ್ತಾನೆ. ಯಾರ ಕುರಿ ಎಷ್ಟಕ್ಕೆ ಹೋಯಿತು ಎಂಬ ಸೀಮೆಯ ಗುಟ್ಟೆಲ್ಲ ಅವಳಿಗೆ ಗೊತ್ತು. ಅವಳು ಯಾರಿಗೂ ಹೇಳುವುದಿಲ್ಲ.

ಇಲ್ಲಿಗೆ ಸ್ಲೇಟು ಮುಗಿಯಿತು. ನಾನು ಈರಣ್ಣನ ಮುಖ ನೋಡಿದೆ. ಕಲ್ಲು ಕಲ್ಲಾಗಿಯೇ ಇತ್ತು. ಅವರು ಸ್ಲೇಟು ತೆಗೆದುಕೊಂಡು ಒಳಗೆ ಹೋದರು. ಹುಡುಗರು ಬೆಂಚು ಬಿಟ್ಟು ಕಿಂಡಿಯ ಕಡೆ ಜರುಗಿ ಕೂತರು. ಕುತೂಹಲವನ್ನು ಹೇಗೆ ಕಾಯ್ದುಕೊಳ್ಳಬೇಕು ಎಂದು ನಾನು ಎರಡು ದಿನ ಪಾಠ ಮಾಡಿದ್ದೆ. ಆಗ ಯಾರೂ ಜರುಗಿರಲಿಲ್ಲ.

ಮುಂದಿನ ಸ್ಲೇಟು ಬಂತು. ಒಂದು ದಿನ ಹೆಂಡತಿ, ಅವನು ಒತ್ತಿದ ಬೆರಳಿಗೆ ತಿರುಗಿ ತಾನೊಂದು ಬೆರಳು ಹೆಚ್ಚು ಒತ್ತುತ್ತಾಳೆ. ಅವನು ನಿದ್ದೆಯಲ್ಲೇ ಏರಿಸುತ್ತಾನೆ. ಅವಳೂ ಏರಿಸುತ್ತಾಳೆ. ಕೊನೆಗೆ ಅವನು ನಿಟ್ಟುಸಿರು ಬಿಟ್ಟು, "ಆಯ್ತು, ತಗೋ, ಕೊಟ್ಟೆ" ಎನ್ನುತ್ತಾನೆ. ಬೆಳಗ್ಗೆ ಅವಳು ರೊಟ್ಟಿ ಹಾಕುತ್ತ, "ನನಗೆ ಏನು ಕೊಟ್ಟೆ?" ಎಂದು ಕೇಳುತ್ತಾಳೆ. ಅವನಿಗೆ ಗೊತ್ತಿಲ್ಲ. ಹಟ್ಟಿಯಲ್ಲಿ ಕುರಿಗಳೆಲ್ಲ ಇವೆ. ಅಂದಿನಿಂದ ಅವನು ದಿನಾ ಮನೆಗೆ ಬಂದು ಏನು ಕಮ್ಮಿಯಾಗಿದೆ ಎಂದು ಹುಡುಕುತ್ತಾನೆ.

ಅಷ್ಟೇ ಕಥೆ. ಒಳಗೆ ಯಾರೋ ಹೆಂಗಸು, ಗಂಗಮ್ಮನ ತಾಯಿಯೇ ಇರಬೇಕು, ಸೆರಗು ಬಾಯಿಗಿಟ್ಟು ನಕ್ಕದ್ದು ಕೇಳಿಸಿತು. ಅಂಗಳದಲ್ಲಿ ಯಾರೂ ನಗಲಿಲ್ಲ. ಹುಡುಗರಿಗೆ ಈರಣ್ಣನ ಭಯ. ಸೀಮೆಯ ಅತಿ ಜಾಣ ದಲ್ಲಾಳಿಯ ಮುಂದೆ, ಅವರ ಮಗಳೇ, ಅವರ ಕಸುಬಿನ ಗುಟ್ಟನ್ನು ಕಥೆ ಮಾಡಿದ್ದಳು.

ಈರಣ್ಣ ಟವಲು ಹಾಸಿ ಕೈ ಇಟ್ಟರು. ಒಬ್ಬೊಬ್ಬನೇ ಹುಡುಗ ಹೋಗಿ ಒತ್ತಿ ಬಂದ. ಭಯಕ್ಕೆ ಹೆಚ್ಚು ಒತ್ತಿದರೋ, ಹೆಣ್ಣುಮಗಳ ಕಥೆಯೆಂದು ಕಮ್ಮಿ ಒತ್ತಿದರೋ, ಒಂದೂ ತಿಳಿಯಲಿಲ್ಲ. ಕೊನೆಗೆ ನಾನು. ನಾನು ನಾಲ್ಕು ಒತ್ತಿದೆ. ಐದನ್ನು ಅದುವರೆಗೆ ನನ್ನ ಕಥೆಯೊಂದಕ್ಕೇ ಮೀಸಲಿಟ್ಟುಕೊಂಡಿದ್ದೆ. ಒತ್ತುವಾಗ ಗೊತ್ತಾಯಿತು, ಆ ಕಲ್ಲುಮುಖದವರ ಅಂಗೈ ಬೆವರಿನಿಂದ ತೊಯ್ದುಹೋಗಿತ್ತು.

ಮೈಸೂರಿನ ಪತ್ರಿಕೆಗೆ ಕಥೆ ಕಳಿಸಬಯಸುವವರು ತಮಗೆ ಬಂದ ಬೆಲೆ ಹೇಳಬೇಕು ಎಂದು ಪಂಪಾಪತಿ ಕೂಗಿದರು. ಹುಡುಗರೆಲ್ಲ ಹೇಳಿದರು. ನೀಲಕಂಠನದು ಎಲ್ಲಕ್ಕಿಂತ ಹೆಚ್ಚು. ಕೊನೆಗೆ ಪಂಪಾಪತಿ ಈರಣ್ಣನ ಕಡೆ ತಿರುಗಿದರು.

"ನಾನ್ ಬರೀ ದಲ್ಲಾಳಿ" ಎಂದರು ಅವರು. "ಮಾಲಿನೋಳು ಒಳಗವ್ಳೆ. ಮೊದ್ಲು ಅವ್ಳಿಗೆ ಹೇಳ್ತೀನಿ."

ಒಳಗೆ ಹೋದವರು ಬರಲಿಲ್ಲ. ಬಳಪದ ಸದ್ದೂ ಬರಲಿಲ್ಲ. ಯಾರದೋ ಮಗಳ ಸ್ಲೇಟು ಅಟ್ಟ ಹತ್ತುವುದಕ್ಕೆ ನಾನು ಒಂದು ಬೆರಳು ಕಮ್ಮಿ ಒತ್ತಿದ್ದೇ ಕಾರಣವಾದೀತೋ ಎಂದು ಹೆದರಿದೆ. ಸಂಜೆ ಈರಣ್ಣ ಹೊರಗೆ ಬಂದಾಗ 'ಹಿಮಶಿಖರದ ವಿರಹಿ'ಯ ಹಸ್ತಪ್ರತಿಯನ್ನೇ ಅವರ ಕೈಗಿಟ್ಟೆ. ಕಾಗದದ ಒಂದು ಮಗ್ಗುಲು ಪೂರಾ ಖಾಲಿ ಇತ್ತು.

"ಬೆಲೆ ಬಂದಿದ್ದರೆ ಇದನ್ನು ಗಂಗಮ್ಮನಿಗೆ ಕೊಡಿ. ಬರದಿದ್ದರೂ ಕೊಡಿ" ಎಂದೆ. ಮುಂದಿನ ಮಗ್ಗುಲು ಓದಿ ಕಲಿಯಲಿ, ಹಿಂದಿನ ಮಗ್ಗುಲಲ್ಲಿ ಬರೆಯಲಿ ಎಂಬುದು ನನ್ನ ಎಣಿಕೆ. ಕಥೆ ನನಗೆ ಬಾಯಿಪಾಠವಿದ್ದುದರಿಂದ ನಷ್ಟವೇನೂ ಇರಲಿಲ್ಲ. ಅವರು ಮೂಸಿ ನೋಡಿ ಕಂಕುಳಿಗೆ ಸೇರಿಸಿದರು. ಬೆಲೆಯ ವಿಷಯ ಬಾಯಿ ಬಿಡಲಿಲ್ಲ.

ಮಡಕಶಿರಾ ಬಸ್ ನಿಲ್ದಾಣ

ಮಾರನೆಯ ದಿನ ಬಸ್ಸಿನ ಒಲೆಗೆ ಗಾಳಿ ಹಾಕುತ್ತಿರುವಾಗ ಈರಣ್ಣ ಗಾಡಿ ಹೊಡೆದುಕೊಂಡು ಬಂದರು. ನನ್ನ ಮುಂದೆ ನಿಂತು ಹೆಗಲಿನ ಟವಲು ತೆಗೆದರು.

"ಕೈ ಕೊಡಿ ಸಾಮಿ."

"ಈಗ ಯಾವುದಕ್ಕೆ ಬೆಲೆ?"

"ನಿಮ್ ಕಥೆಗೆ. ಗಂಗಮ್ಮ ಹೇಳ್ ಕಳಿಸವ್ಳೆ. ಎಲ್ರೂ ಹೇಳವ್ರೆ, ನಾನೊಬ್ಳೇ ಹೇಳಿಲ್ಲ ಅಂದ್ಲು."

ನಾನು ಕೈ ಕೊಟ್ಟೆ. ಸುತ್ತ ಬಸ್ಸಿನ ಜನ, ಪಂಪಾಪತಿ, ಹುಡುಗರು ಎಲ್ಲ ನನ್ನ ಮುಖ ನೋಡುತ್ತಿದ್ದರು. ಟವಲಿನ ಕೆಳಗೆ ಈರಣ್ಣ ಎರಡು ಬೆರಳು ಒತ್ತಿದರು. ಮೂರನೆಯದು ಬಂದೀತೆಂದು ನಾನು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ನನ್ನ ಮುಖವನ್ನು ಕಲ್ಲಾಗಿಸಲು ಪ್ರಯತ್ನಿಸಿದೆ, ಅದು ಒಂದು ಶಿಬಿರದಲ್ಲಿ ಕಲಿಯುವ ವಿದ್ಯೆಯಲ್ಲ.

ಈರಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನನಗೆ ಬೇಸರವಾಗಿರಬೇಕೆಂದು ಅವರಿಗೆ ಅನ್ನಿಸಿತು.

"ಬೇಜಾರ್ ಮಾಡ್ಕಬ್ಯಾಡಿ ಸಾಮಿ" ಎಂದರು. "ಕಾಗದದ ಹಿಂದ್ಗಡೆ ಭಾಳ ಚೆನ್ನಾಗೈತಂತೆ. ಬೆಳಿಗ್ಗೆಗೆ ಆಗ್ಲೇ ನಾಕು ಹಾಳೆ ಬರ್ದವ್ಳೆ."